ಧೂಳಿನ ದಾರಿಗೆ ತೊಳೆದು ಬಳಸುವ ಏರ್ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ವೆಂಚರ್ ಬೈಕ್ ಓಡಿಸುವವರು ನಾಲ್ಕು ಜನ ಸೇರಿದರೆ ಮಾತು ಟೈರಿನಿಂದ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ಏರ್ ಫಿಲ್ಟರ್, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಹಿಡಿಯುವ ಭಾಗದ ವಿಷಯ ತೆಗೆಯುತ್ತಾರೆ. ಹಾಗೆ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಪ್ರಶ್ನೆಗಳು ಇಲ್ಲಿವೆ, ಕೇಳಿದವರ ಮಾತಿನಲ್ಲೇ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ. ನಾನು ಹೇಳಿದ್ದಕ್ಕೂ ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಮ್ಯಾನ್ಯುಯಲ್ ಮಾತನ್ನೇ ಕೇಳಿ.

## ಶುರುವಿನಲ್ಲಿ ಕೇಳುವವು

ಅಷ್ಟು ಚಿಕ್ಕ ಸ್ಪಾಂಜಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. 15 ಲೀಟರ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ 1,35,000 ಲೀಟರ್ ಗಾಳಿ ಆ ಚಿಕ್ಕ ಸ್ಪಾಂಜನ್ನು ದಾಟಿ ಹೋಗಿರುತ್ತದೆ. ಆ ಗಾಳಿಯಲ್ಲಿ ಧೂಳಿದೆ. ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ. 1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲು 7. ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಹತ್ತಿರಕ್ಕೂ ಬರುವುದಿಲ್ಲ.

ಈ ಪುಡಿ ಇಂಜಿನ್ ಆಯಿಲ್ ಜೊತೆ ಸೇರಿದರೆ ಸಾಣೆ ಹಿಡಿಯುವ ಪೇಸ್ಟ್ ತಯಾರಾಗುತ್ತದೆ. ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ, ವಾಲ್ವ್ ಸೀಟು ಎಲ್ಲವೂ ಸವೆಯುತ್ತವೆ. ಕಣ್ಣಿಗೆ ಕಾಣುವ ಮರಳು ಅಷ್ಟು ದೊಡ್ಡ ಶತ್ರುವಲ್ಲ, ಅದನ್ನು ಯಾವ ಫಿಲ್ಟರಾದರೂ ಹಿಡಿಯುತ್ತದೆ. ತೊಂದರೆ ಕೊಡುವುದು 5ರಿಂದ 20 ಮೈಕ್ರಾನ್ ಗಾತ್ರದ ಸಣ್ಣ ಧೂಳು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಅಂದರೆ ಈ ಧೂಳು ಎಷ್ಟು ಸಣ್ಣದು ಅಂತ ಅಂದಾಜು ಸಿಗಬಹುದು.

ತೊಳೆದು ಬಳಸೋದರಲ್ಲಿ ಎಷ್ಟು ಬಗೆ ಇದೆ? ನನ್ನದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಮುಖ್ಯವಾಗಿ ಮೂರು. ಒತ್ತಿದರೆ ಕುಗ್ಗಿ ಬಿಟ್ಟರೆ ಉಬ್ಬುವ ಸ್ಪಾಂಜಿನಂಥದು ಫೋಮ್ ಫಿಲ್ಟರ್. ಸೀರೆ ನೆರಿಗೆಯಂತೆ ಮಡಿಚಿದ ಬಟ್ಟೆ, ಅದರ ಎರಡೂ ಕಡೆ ತಂತಿ ಜಾಲರಿ, ಬಣ್ಣದ ಎಣ್ಣೆಯ ಜಿಗುಟು ಕಂಡರೆ ಅದು ಹತ್ತಿಯದು. ಕೆ ಅಂಡ್ ಎನ್, ಡಿಎನ್‌ಎ, ಬಿಎಂಸಿ ಕಂಪನಿಗಳ ಹೆಸರು ಕೇಳಿರುತ್ತೀರಿ, ಇವರದ್ದು ಹೆಚ್ಚಾಗಿ ಈ ಬಗೆ. ಮೂರನೆಯದು ಎಣ್ಣೆ ಬೇಡದ ಒಣ ಫಿಲ್ಟರ್, ಪಾಲಿಯೆಸ್ಟರ್ ಅಥವಾ ಉಕ್ಕಿನ ಎಳೆಯಿಂದ ನೇಯ್ದದ್ದು.

ಕೆಲವು ಬೈಕುಗಳಿಗೆ ಫ್ಯಾಕ್ಟರಿಯಿಂದಲೇ ಫೋಮ್ ಬರುತ್ತದೆ. ಸುಜುಕಿ ಡಿಆರ್650 ಅಂಥದ್ದು. ಬಹುಪಾಲು ಹೊಸ ಬೈಕುಗಳಿಗೆ ಬರುವುದು ಪೇಪರ್.

ಪೇಪರ್ ಫಿಲ್ಟರನ್ನೇ ತೊಳೆದು ಮತ್ತೆ ಹಾಕಬಹುದಲ್ವಾ?

ಬೇಡ. ನೀರು ತಾಗಿದ ಪೇಪರಿನ ಎಳೆಗಳು ಉಬ್ಬಿ ರಂಧ್ರಗಳ ಆಕಾರವೇ ಬದಲಾಗುತ್ತದೆ. ಕೆಲವು ಪೇಪರ್ ಫಿಲ್ಟರಿಗೆ ಫ್ಯಾಕ್ಟರಿಯಲ್ಲೇ ಎಣ್ಣೆ ಲೇಪಿಸಿರುತ್ತಾರೆ, ಅವನ್ನು ಗಾಳಿ ಹೊಡೆದೂ ಶುಚಿ ಮಾಡುವಂತಿಲ್ಲ. ಒಣ ಪೇಪರ್ ಆದರೆ ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು. ಊರು ಸೇರಿದ ಮೇಲೆ ಹೊಸದು ಹಾಕಿ.

ಹೊಸ ಫೋಮ್ ಫಿಲ್ಟರ್ ತಂದೆ. ಪ್ಯಾಕೆಟ್ ಒಡೆದು ಸುಮ್ನೆ ಹಾಕಿಬಿಡಲಾ?

ನಿಲ್ಲಿ! ಹೊಸ ಫೋಮ್ ಸಾಮಾನ್ಯವಾಗಿ ಒಣಗಿಯೇ ಬರುತ್ತದೆ. ಎಣ್ಣೆ ಹಾಕಿ ಕೊಟ್ಟವೂ ಉಂಟು, ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಒಣ ಅಂತಲೇ ತಿಳಿಯಿರಿ.

ಫೋಮಿನ ರಂಧ್ರಗಳು ಧೂಳಿನ ಕಣಕ್ಕಿಂತ ಎಷ್ಟೋ ದೊಡ್ಡವು. ಜರಡಿಯ ಹಾಗೆ ಅದು ಧೂಳನ್ನು ತಡೆಯುವುದಿಲ್ಲ. ಗಾಳಿ ಒಳಗೆ ಅಂಕುಡೊಂಕಾಗಿ ತಿರುಗುತ್ತಾ ಹೋಗುತ್ತದೆ, ಭಾರದ ಕಣಕ್ಕೆ ಅಷ್ಟು ಬೇಗ ತಿರುಗಲು ಆಗದೆ ಗೋಡೆಗೆ ಬಡಿಯುತ್ತದೆ. ಗೋಡೆಯಲ್ಲಿ ಅಂಟು ಎಣ್ಣೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಪುಟಿದು ಮುಂದಕ್ಕೆ ಹೋಗುತ್ತದೆ. ಅಂದರೆ ಧೂಳು ಹಿಡಿಯುವುದು ಎಣ್ಣೆ. ಫೋಮ್ ಬರೀ ಆ ಎಣ್ಣೆಯನ್ನು ಹೊತ್ತುಕೊಂಡಿರುವ ಚೌಕಟ್ಟು.

ಹತ್ತಿಯ ಫಿಲ್ಟರ್ ಸಾಮಾನ್ಯವಾಗಿ ಎಣ್ಣೆ ಸಮೇತ ಬರುತ್ತದೆ. ಅದಕ್ಕೆ ಮೇಲಿಂದ ಇನ್ನೊಮ್ಮೆ ಸುರಿಯಬೇಡಿ.

ಪೇಪರ್, ಹತ್ತಿ, ಫೋಮ್, ಒಂದೇ ಮಾತಲ್ಲಿ ಹೇಳಿ, ಯಾವುದು ಒಳ್ಳೇದು?

ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ. ಟಾರು ರಸ್ತೆಯೇ ಜಾಸ್ತಿ ಅಂದರೆ ಪೇಪರ್ ಬಿಟ್ಟು ಬೇರೆ ಹುಡುಕಬೇಡಿ. ಸಣ್ಣ ಧೂಳು ಹಿಡಿಯುವುದರಲ್ಲಿ ಒಳ್ಳೆಯ ಪೇಪರ್ ಫಿಲ್ಟರ್ ಯಾರಿಗೂ ಕಮ್ಮಿ ಇಲ್ಲ. ಅದರ ಕಷ್ಟ ಒಂದೇ. ದಟ್ಟ ಧೂಳಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ಆಮೇಲೆ ಎಸೆಯಬೇಕು.

ದಿನಗಟ್ಟಲೆ ಮಣ್ಣಿನ ದಾರಿ, ಫಿಲ್ಟರ್ ಕೊಳ್ಳಲು ಅಂಗಡಿಯೂ ಇಲ್ಲ ಅಂದರೆ ಫೋಮ್. ಅದು ದಪ್ಪವಿರುವುದರಿಂದ ಧೂಳು ಮೇಲ್ಮೈಯಲ್ಲಿ ಮಾತ್ರವಲ್ಲ, ಆಳದಲ್ಲೂ ನಿಲ್ಲುತ್ತದೆ. ಹತ್ತಿಯ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಹೇಳುವುದಾದರೆ, ರಸ್ತೆಗೆ ಸರಿ. ಹಿಟ್ಟಿನಂಥ ಧೂಳಿನಲ್ಲಿ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಒಣ ಉಕ್ಕಿನ ಜಾಲರಿಯ ಮೇಲಂತೂ ಇನ್ನೂ ಕಮ್ಮಿ.

## ಕೂರಿಸುವಾಗ

ನನ್ನ ಬೈಕಲ್ಲಿ ಫಿಲ್ಟರ್ ಎಲ್ಲಿದೆ ಅಂತಾನೇ ಗೊತ್ತಿಲ್ಲ!

ಸೀಟಿನ ಕೆಳಗೆ, ಸೈಡ್ ಪ್ಯಾನೆಲ್ ಹಿಂದೆ ಅಥವಾ ಟ್ಯಾಂಕಿನ ಅಡಿ. ಯಮಹಾ ಟೆನೆರೆ 700ರಲ್ಲಿ ಸೀಟ್ ತೆಗೆದರೆ ಸಾಕು. ಸುಜುಕಿ ವಿ-ಸ್ಟ್ರಾಮ್ 650ರಲ್ಲಿ ಟ್ಯಾಂಕ್ ಎತ್ತಬೇಕು. ಹೋಂಡಾ ಆಫ್ರಿಕಾ ಟ್ವಿನ್ ಸಿಆರ್‌ಎಫ್1000ಎಲ್‌ನಲ್ಲಿ ಎರಡು ಫಿಲ್ಟರ್, ಎಡಕ್ಕೊಂದು ಬಲಕ್ಕೊಂದು. ಒಂದನ್ನು ತೊಳೆದು ಇನ್ನೊಂದನ್ನು ಮರೆತವರು ಇದ್ದಾರೆ. ಬೈಕ್ ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ, ಆದರೆ ಫಿಲ್ಟರ್ ಕೈಗೆ ಸಿಗುವುದು ಎಷ್ಟು ಕಷ್ಟವೋ ಅದನ್ನು ತೊಳೆಯುವುದು ಅಷ್ಟು ತಡವಾಗುತ್ತದೆ.

ಬಿಚ್ಚುವ ಮುಂಚೆ ಏನಾದರೂ ಮಾಡಬೇಕಾ?

ಮೊದಲು ಬೈಕಿನ ಆ ಭಾಗ ಒರೆಸಿ. ಸೀಟಿನ ಅಡಿ, ಫಿಲ್ಟರ್ ಕೂರುವ ಪೆಟ್ಟಿಗೆ ಅಂದರೆ ಏರ್‌ಬಾಕ್ಸ್ ಮುಚ್ಚಳದ ಸುತ್ತ, ಸ್ಕ್ರೂಗಳ ಗುಂಡಿಯಲ್ಲಿ ಮಣ್ಣು ಕೂತಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಅದು ಒಳಗೆ ಬೀಳುತ್ತದೆ. ಒದ್ದೆ ಬಟ್ಟೆ ಒಳ್ಳೆಯದು, ಒಣ ಬ್ರಷ್ ಧೂಳು ಎಬ್ಬಿಸುತ್ತದೆ.

ಫಿಲ್ಟರ್ ಹೊರತೆಗೆಯುವಾಗ ಅಲುಗಾಡಿಸದೆ, ಕೊಳೆಯಾದ ಮುಖ ಮೇಲೆ ಮಾಡಿ ಎತ್ತಿ. ಆಮೇಲೆ ಇಂಜಿನ್ ಕಡೆಗೆ ಹೋಗುವ ಬಾಯಿಗೆ ನಾರು ಬಿಡದ ಬಟ್ಟೆ ತುರುಕಿ. ಬಟ್ಟೆ ದೊಡ್ಡದಿರಲಿ, ಬಣ್ಣ ಎದ್ದು ಕಾಣುವಂತಿರಲಿ. ನಾನೊಮ್ಮೆ ಕಪ್ಪು ಬಟ್ಟೆ ತುರುಕಿ, ಮೇಲೆ ಫಿಲ್ಟರ್ ಕೂರಿಸಿ, ಸೀಟ್ ಹಾಕಿ, ಅರ್ಧ ಗಂಟೆ ಸ್ಟಾರ್ಟ್ ಮಾಡಲು ಒದ್ದಾಡಿದ್ದೇನೆ. ಬ್ಯಾಟರಿಗೆ ಬೈದದ್ದೇ ಬೈದದ್ದು. ಆವತ್ತಿನಿಂದ ನನ್ನ ಬಟ್ಟೆ ಕಡುಗೆಂಪು.

ಏರ್‌ಬಾಕ್ಸಿನ ಒಳಗೋಡೆಯನ್ನೂ ಒರೆಸಿ. ಫಿಲ್ಟರಿನ ಹಿಂದಿನ ಭಾಗದಲ್ಲಿ, ಅಂದರೆ ಇಂಜಿನ್ ಕಡೆಗೆ ಧೂಳು ಕಂಡರೆ ಅಲ್ಲೇ ನಿಲ್ಲಿ. ಎಲ್ಲೋ ಸಂದು ಇದೆ.

ಅಂಚಿಗೆ ಗ್ರೀಸ್ ಹಚ್ಚು ಅಂತಾರೆ, ಹಚ್ಚಬೇಡ ಅಂತಾರೆ. ಯಾರ ಮಾತು ಕೇಳಲಿ?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಿ. ಯಾವ ಕಂಪನಿಯ ಫಿಲ್ಟರ್, ಯಾವ ಎಣ್ಣೆ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಧೂಳು ಒಳಗೆ ನುಗ್ಗುವುದು ಮಾತ್ರ ಹೆಚ್ಚಾಗಿ ಅಂಚಿನ ಸಂದಿಯಿಂದ. ಗಾಳಿಗೆ ಸುಲಭದ ದಾರಿ ಬೇಕು. ಎಣ್ಣೆ ಹಚ್ಚಿದ ದಪ್ಪ ಫೋಮನ್ನು ತೂರಿ ಹೋಗುವ ಬದಲು ಅಂಚಿನಲ್ಲಿ ಉಗುರು ತೂರುವಷ್ಟು ಜಾಗ ಸಿಕ್ಕರೆ ಅದು ಅಲ್ಲಿಂದಲೇ ಹೋಗುತ್ತದೆ, ಧೂಳನ್ನೂ ಕರೆದುಕೊಂಡು. ಫಿಲ್ಟರ್ ಕಟ್ಟಿಕೊಂಡಷ್ಟೂ ಆ ಸಂದಿಯ ಎಳೆತ ಜಾಸ್ತಿ.

ಗ್ರೀಸ್ ಆ ಸಂದಿಯನ್ನು ತುಂಬುತ್ತದೆ. ಫೋಮ್ ಫಿಲ್ಟರಿನ ಅಂಚು ಮೆತ್ತಗೆ, ಏರ್‌ಬಾಕ್ಸಿನ ಪ್ಲಾಸ್ಟಿಕ್ ಅಂಚು ಸ್ವಲ್ಪ ಏರುತಗ್ಗು. ಅಲ್ಲಿ ನೀರಿಗೆ ಕರಗದ ಗ್ರೀಸನ್ನು ಬೆರಳಿನಿಂದ ಸುತ್ತಲೂ, ಎಲ್ಲೂ ತುಂಡಾಗದಂತೆ ಎಳೆಯಿರಿ. ಅಗಲ ಕಿರುಬೆರಳಿನ ಉಗುರಿನಷ್ಟಿದ್ದರೆ ಸಾಕು.

ರಬ್ಬರ್ ಅಂಚಿರುವ ಹತ್ತಿ ಅಥವಾ ಪೇಪರ್ ಫಿಲ್ಟರಿಗೆ ತೆಳುವಾಗಿ, ಬೆರಳಿಗೆ ಜಿಡ್ಡು ಅನಿಸುವಷ್ಟು ಮಾತ್ರ. ಪೆಟ್ರೋಲಿಯಂ ಗ್ರೀಸ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಅದಕ್ಕೇ ಅಲ್ಲಿ ಸಿಲಿಕೋನ್ ಗ್ರೀಸ್ ಸುರಕ್ಷಿತ. ತಯಾರಿಸಿದವರು ಬೇಡ ಅಂತ ಸ್ಪಷ್ಟವಾಗಿ ಬರೆದಿದ್ದರೆ ಬಿಡಿ. ಹಚ್ಚಬೇಡ ಅನ್ನುವವರ ಮಾತಿನಲ್ಲೂ ಒಂದು ಸತ್ಯ ಇದೆ. ದಪ್ಪ ಮೆತ್ತಿದರೆ ಗ್ರೀಸ್ ಧೂಳು ಹಿಡಿದು ಕೆಸರಾಗುತ್ತದೆ, ಬಿಚ್ಚುವಾಗ ಆ ಕೆಸರು ಶುಚಿಯಾದ ಕಡೆಗೆ ಬೀಳುತ್ತದೆ. ಪ್ರತಿ ಸಲ ಹಳೆಯದನ್ನು ಪೂರ್ತಿ ಒರೆಸಿಯೇ ಹೊಸದು ಹಚ್ಚಿ.

ಸರಿಯಾಗಿ ಕೂತಿದೆ ಅಂತ ಗ್ಯಾರಂಟಿ ಹೇಗೆ?

ಕೂರಿಸಿದ ಮೇಲೆ ಅಂಚಿನ ಸುತ್ತ ಬೆರಳು ಓಡಿಸಿ. ಎಲ್ಲಾದರೂ ಮಡಚಿಕೊಂಡಿದ್ದರೆ, ಉಬ್ಬಿದ್ದರೆ ಕೈಗೆ ಗೊತ್ತಾಗುತ್ತದೆ. ಮುಚ್ಚಳ ಒತ್ತಾಯವಿಲ್ಲದೆ ಕೂರಬೇಕು. ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ಹಿಡಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಹಿಡಿಯುವ ಎಳೆ ಬಲು ಬೇಗ ಕಿತ್ತು ಬರುತ್ತದೆ.

ಇನ್ನೊಂದು ಹಳೆಯ ಉಪಾಯ ನನಗೆ ತುಂಬಾ ಇಷ್ಟ. ಫಿಲ್ಟರಿನ ಹಿಂದೆ, ಇಂಜಿನ್ ಕಡೆಯ ಏರ್‌ಬಾಕ್ಸ್ ಗೋಡೆಗೆ ತೆಳುವಾಗಿ ಗ್ರೀಸ್ ಸವರಿ. ಒಂದು ದಿನ ಧೂಳಿನಲ್ಲಿ ಓಡಿಸಿ ಬಿಚ್ಚಿ ನೋಡಿ. ಗ್ರೀಸ್ ಮೇಲೆ ಬೆರಳಾಡಿಸಿದಾಗ ನುಣುಪಾಗಿದ್ದರೆ ನಿಶ್ಚಿಂತೆ, ಗರಗರ ಅಂದರೆ ಧೂಳು ದಾಟಿದೆ. ಹೊಸ ಬಗೆಯ ಫಿಲ್ಟರ್ ಹಾಕಿದಾಗಲೆಲ್ಲ ನಾನು ಇದನ್ನು ಮಾಡುತ್ತೇನೆ.

ಒಂದು ಬೋಲ್ಟ್ ಕಮ್ಮಿ ಇದ್ದರೂ ನಡೆಯುತ್ತಲ್ವಾ?

ನಡೆಯುತ್ತೆ ಅಂತಲೇ ಒಂದು ವರ್ಕ್‌ಶಾಪಿನಲ್ಲಿ ನನ್ನ ಹಳೆಯ ಬೈಕಿನ ಏರ್‌ಬಾಕ್ಸ್ ಮುಚ್ಚಳವನ್ನು ಒಂದು ಸ್ಕ್ರೂ ಬಿಟ್ಟು ಮುಚ್ಚಿದ್ದರು. ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ನಾನೇ ಬಿಚ್ಚಿ ನೋಡಿದೆ. ಸ್ಕ್ರೂ ಇಲ್ಲದ ಮೂಲೆಯಿಂದ ಇಂಜಿನ್ ಬಾಯಿಯವರೆಗೆ ಕಂದು ಬಣ್ಣದ ಒಂದು ಗೆರೆ, ಇರುವೆ ಸಾಲಿನ ಹಾಗೆ. ಫಿಲ್ಟರ್ ಮಾತ್ರ ಫಳಫಳ!

## ತೊಳೆಯುವಾಗ

ಎಷ್ಟು ಕಿಲೋಮೀಟರಿಗೆ ಒಮ್ಮೆ ತೊಳೆಯಬೇಕು?

ಕಿಲೋಮೀಟರ್ ಲೆಕ್ಕ ಟಾರು ರಸ್ತೆಯದು. ಧೂಳಿನಲ್ಲಿ ಗಂಟೆಯ ಲೆಕ್ಕ ಹಿಡಿಯಿರಿ. ಮುಂದಿನ ಬೈಕಿನ ಧೂಳು ತಿನ್ನುತ್ತಾ ಒಂದು ದಿನ ಓಡಿಸಿದರೆ ಸಂಜೆಗೆ ತೆಗೆದು ನೋಡಲೇಬೇಕು. ಒಬ್ಬರೇ ಹೋದರೆ ಅದೇ ಫಿಲ್ಟರ್ ಎಷ್ಟೋ ದಿನ ಬಾಳುತ್ತದೆ.

ಫೋಮಿನ ಹೊರಮುಖ ಕಂದಾಗಿದ್ದರೆ ಗಾಬರಿ ಬೇಡ, ಅದರ ಕೆಲಸವೇ ಅದು. ಅಂಚನ್ನು ಸ್ವಲ್ಪ ಬಿಡಿಸಿ ಒಳಗಿನ ಪದರ ನೋಡಿ. ಅಲ್ಲಿಗೂ ಬಣ್ಣ ಇಳಿದಿದ್ದರೆ ಅಥವಾ ಮುಟ್ಟಿದಾಗ ಅಂಟು ಇಲ್ಲದೆ ಒಣಗಿದ್ದರೆ ತೊಳೆಯುವ ಹೊತ್ತಾಗಿದೆ. ಅಂಟಿದ ಧೂಳೇ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ, ಹೊಸದಾಗಿ ಬಂದ ಧೂಳಿಗೆ ಹಿಡಿತ ಇರುವುದಿಲ್ಲ. ಹಾಗಂತ ವಾರಕ್ಕೆರಡು ಸಲ ತೊಳೆಯುವ ಶೋಕಿಯೂ ಬೇಡ. ಪ್ರತಿ ಸಲ ಬಿಚ್ಚುವಾಗ ಸ್ವಲ್ಪ ಧೂಳು ಒಳಗೆ ಬೀಳುವ, ಅಂಚು ಹಾಳಾಗುವ ಅಪಾಯ ಇದ್ದೇ ಇದೆ.

ಫೋಮ್ ತೊಳೆಯುವ ಕ್ರಮ ಮೊದಲಿಂದ ಕೊನೆವರೆಗೆ ಹೇಳಿ.

ಕೈಗೆ ಗ್ಲೌಸ್ ಹಾಕಿ. ಫಿಲ್ಟರನ್ನು ಪ್ಲಾಸ್ಟಿಕ್ ಪಂಜರದಿಂದ ಬಿಡಿಸಿ. ಒಂದು ಬಕೆಟ್ಟಿಗೆ ಫಿಲ್ಟರ್ ಕ್ಲೀನರ್ ಹಾಕಿ ಅದರಲ್ಲಿ ಮುಳುಗಿಸಿ. ನೀವು ಬಳಸುವ ಎಣ್ಣೆಗೆ ಹೊಂದುವ ಕ್ಲೀನರೇ ಬೇಕು. ನೀರಿನಲ್ಲಿ ಕರಗುವ ಕ್ಲೀನರಿಗೆ ಅದರದೇ ಜೋಡಿ ಎಣ್ಣೆ ಮಾತ್ರ ಬಿಡುತ್ತದೆ. ಪೆಟ್ರೋಲಿಯಂ ಎಣ್ಣೆಗೆ ಅದನ್ನು ಹಾಕಿ ಉಜ್ಜಿದರೆ ಜಿಡ್ಡು ಹಾಗೇ ಉಳಿಯುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಕ್ಲೀನರ್ ಸಿಗದಿದ್ದರೆ ಸೀಮೆಎಣ್ಣೆ ನಡೆಯುತ್ತದೆ.

ಮುಳುಗಿಸಿದ ಫೋಮನ್ನು ಅಂಗೈಗಳ ನಡುವೆ ಅದುಮಿ, ಬಿಡಿ. ಮತ್ತೆ ಅದುಮಿ. ಬಟ್ಟೆ ಹಿಂಡಿದ ಹಾಗೆ ತಿರುಚಬಾರದು. ತಿರುಚಿದರೆ ಎರಡು ಪದರ ಸೇರಿಸಿದ ಅಂಟು ಬಿಡುತ್ತದೆ, ಹೊಲಿಗೆಯಂಥ ಆ ಜಾಗದಲ್ಲಿ ಸೀಳು ಬರುತ್ತದೆ. ಕೊಳೆ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒಮ್ಮೆ, ಉಗುರು ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ. ನೀರನ್ನು ಒಳಗಿನಿಂದ ಹೊರಕ್ಕೆ ಹಾಯಿಸಿ, ಬಂದ ದಾರಿಯಲ್ಲೇ ಧೂಳು ವಾಪಸ್ ಹೋಗಲಿ. ಹೊರಗಿನಿಂದ ಹಾಯಿಸಿದರೆ ಕೊಳೆಯನ್ನು ನೀವೇ ಒಳಗೆ ತಳ್ಳಿದಂತೆ.

ಕೊನೆಯ ನೀರನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಐದು ನಿಮಿಷ ಬಿಡಿ. ತಳದಲ್ಲಿ ಮರಳು ಕೂತರೆ ಇನ್ನೊಂದು ಸುತ್ತು. ನೆರಳಿನಲ್ಲಿ ಒಣಗಲು ಇಡಿ. ಒಳಗೆ ತೇವ ಉಳಿದರೆ ಅಲ್ಲಿ ಎಣ್ಣೆ ಹಿಡಿಯುವುದಿಲ್ಲ. ನಾನು ಸಂಜೆ ತೊಳೆದು ಬೆಳಿಗ್ಗೆ ಎಣ್ಣೆ ಹಚ್ಚುತ್ತೇನೆ, ಅವಸರ ಮಾಡಿದಾಗೆಲ್ಲ ಮತ್ತೆ ಮಾಡಬೇಕಾಗಿದೆ.

ಪೆಟ್ರೋಲಿನಲ್ಲಿ ತೊಳೆದರೆ ಏನಾಗುತ್ತೆ? ಎಲ್ಲರೂ ಅದನ್ನೇ ಮಾಡ್ತಾರಲ್ಲ.

ಕೊಳೆ ಬೇಗ ಬಿಡುತ್ತದೆ, ನಿಜ. ಫೋಮಿನ ಅಂಟೂ ಬೇಗ ಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೆಂಕಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಎಲ್ಲೋ ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಬಕೆಟ್ಟಿನಲ್ಲಿ ಕೈ ಅದ್ದಿ ಕೂತವರು ನೀವು. ಚರ್ಮಕ್ಕೂ ಶ್ವಾಸಕ್ಕೂ ಅದು ಒಳ್ಳೆಯದಲ್ಲ. ಬೇಡ.

ಎಣ್ಣೆ ಎಷ್ಟು ಹಾಕಿದರೆ ಸರಿ?

ಪೂರ್ತಿ ಒಣಗಿದ ಫೋಮನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಫಿಲ್ಟರ್ ಎಣ್ಣೆ ಸುರಿದು, ಚೀಲದ ಹೊರಗಿನಿಂದ ಹಿಟ್ಟು ನಾದಿದ ಹಾಗೆ ನಾದಿ. ಫಿಲ್ಟರ್ ಎಣ್ಣೆಗೆ ನೀಲಿ, ಕೆಂಪು, ಹಸಿರು ಬಣ್ಣ ಹಾಕಿರುವುದು ಚೆಂದಕ್ಕಲ್ಲ, ಎಲ್ಲಿ ತಾಗಿಲ್ಲ ಅಂತ ಕಾಣಲಿ ಅಂತ. ಬಣ್ಣ ಎಲ್ಲ ಕಡೆ ಒಂದೇ ಸಮ ಬಂದ ಮೇಲೆ ಅದುಮಿ ಹೆಚ್ಚಿನದನ್ನು ತೆಗೆಯಿರಿ. ಎತ್ತಿ ಹಿಡಿದರೆ ತೊಟ್ಟಿಕ್ಕಬಾರದು, ಮುಟ್ಟಿದರೆ ಬೆರಳು ಅಂಟಬೇಕು. ಅಂಚಿನ ಮಡಿಕೆ, ಮೂಲೆಗಳನ್ನು ಮರೆಯುವವರೇ ಜಾಸ್ತಿ.

ಎಣ್ಣೆ ಹಾಕಿದ ಕೂಡಲೇ ಕೂರಿಸಬೇಡಿ. ಹೆಚ್ಚಿನ ಫಿಲ್ಟರ್ ಎಣ್ಣೆಯಲ್ಲಿ ತೆಳುವಾಗಿಸುವ ದ್ರಾವಕ ಇರುತ್ತದೆ. ಅದು ಆರಿದ ಮೇಲೆಯೇ ಅಂಟು ಬರುವುದು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಗಾಳಿಗೆ ಬಿಡಿ.

ಮನೇಲಿ ಇಂಜಿನ್ ಆಯಿಲ್ ಇದೆ. ಅದನ್ನೇ ಹಾಕಿದರೆ ಆಗಲ್ವಾ?

ಆಪತ್ತಿಗೆ ಆಗುತ್ತದೆ. ಒಣ ಫೋಮಿಗಿಂತ ಅದು ಎಷ್ಟೋ ವಾಸಿ. ಆದರೆ ಇಂಜಿನ್ ಆಯಿಲ್ ಹರಿಯಲಿಕ್ಕೆ ಅಂತ ಮಾಡಿದ್ದು, ಅಂಟಿ ಕೂರಲಿಕ್ಕಲ್ಲ. ಒಂದೆರಡು ದಿನದಲ್ಲಿ ಮೇಲಿನ ಅರ್ಧ ಒಣಗಿ ಎಲ್ಲ ಎಣ್ಣೆ ಏರ್‌ಬಾಕ್ಸಿನ ತಳಕ್ಕೆ ಇಳಿದಿರುತ್ತದೆ. ಗೇರ್ ಆಯಿಲನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ತೆಳುಮಾಡಿ ಹಚ್ಚುತ್ತಿದ್ದ ಹಳಬರಿದ್ದಾರೆ, ಅದು ಇನ್ನೂ ಪರವಾಗಿಲ್ಲ. ಅಡುಗೆ ಎಣ್ಣೆ ಹಾಕಲಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ.

ಹತ್ತಿ ಫಿಲ್ಟರ್ ತೊಳೆಯೋದು ಬೇರೆ ತರಾನಾ?

ಹೌದು. ಅದುಮುವುದು, ಉಜ್ಜುವುದು ಇಲ್ಲ. ಅದರದೇ ಕ್ಲೀನರನ್ನು ಎರಡೂ ಕಡೆ ಸಿಂಪಡಿಸಿ ಸುಮಾರು 10 ನಿಮಿಷ ಬಿಡಿ, ಆದರೆ ಒಣಗಲು ಬಿಡಬೇಡಿ. ಮೆಲ್ಲಗೆ ಬೀಳುವ ತಣ್ಣೀರನ್ನು ಒಳಗಿನಿಂದ ಹೊರಕ್ಕೆ ಹಾಯಿಸಿ. ಪ್ರೆಶರ್ ವಾಷರ್, ಕಂಪ್ರೆಸರ್ ಗಾಳಿ ಎರಡೂ ಬೇಡ, ಹತ್ತಿಯ ಎಳೆ ಸರಿದು ಕಿಟಕಿ ತೆರೆದಂತಾಗುತ್ತದೆ. ತಾನಾಗಿ ಒಣಗಿದ ಮೇಲೆ ಪ್ರತಿ ನೆರಿಗೆಯ ತುದಿಗೆ ತೆಳುವಾಗಿ ಒಂದು ಗೆರೆ ಎಣ್ಣೆ. 20 ನಿಮಿಷ ಕಾಯಿರಿ, ಅದು ತಾನೇ ಹರಡಿಕೊಳ್ಳುತ್ತದೆ. ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ.

ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟರೆ, ಹೇರ್ ಡ್ರೈಯರ್ ಹಿಡಿದರೆ?

ಹತ್ತು ನಿಮಿಷದ ಬಿಸಿಲಿಗೆ ಏನೂ ಆಗುವುದಿಲ್ಲ. ದಿನಗಟ್ಟಲೆ ಇಟ್ಟರೆ ಫೋಮ್ ಪುಡಿಪುಡಿಯಾಗುತ್ತದೆ. ಡ್ರೈಯರಿನ ಬಿಸಿಗೆ ಫೋಮಿನ ಅಂಟು ಸಡಿಲವಾಗುತ್ತದೆ, ಹತ್ತಿ ಕುಗ್ಗುತ್ತದೆ. ಫ್ಯಾನ್ ಗಾಳಿ ಸಾಕು.

ಕೊಳೆ ಸೀಮೆಎಣ್ಣೆ ಎಲ್ಲಿ ಚೆಲ್ಲೋದು?

ಚರಂಡಿಗೂ ಬೇಡ, ಮಣ್ಣಿಗೂ ಬೇಡ. ಒಂದು ದಿನ ಅಲುಗಾಡದೆ ಇಟ್ಟರೆ ಕೊಳೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಂಡು ಮುಂದಿನ ಸಲದ ಮೊದಲ ಸುತ್ತಿಗೆ ಬಳಸಿ. ತಳದ್ದನ್ನು ಹಳೆಯ ಇಂಜಿನ್ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

## ದಾರಿಯಲ್ಲಿ

ಹತ್ತು ದಿನದ ಪ್ರಯಾಣ. ದಾರಿಯಲ್ಲಿ ಬಕೆಟ್ ಹಿಡ್ಕೊಂಡು ಕೂರೋಕಾಗುತ್ತಾ?

ತೊಳೆಯುವುದನ್ನೇ ಮನೆಯಲ್ಲಿ ಬಿಟ್ಟು ಹೋಗಿ. ಹೊರಡುವ ಮುಂಚೆ ಇನ್ನೊಂದು ಫೋಮಿಗೆ ಎಣ್ಣೆ ಹಚ್ಚಿ, ಗಾಳಿಗಿಟ್ಟು, ಜಿಪ್ ಇರುವ ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಒಂದು ಜೊತೆ ಗ್ಲೌಸ್, ಚೂರು ಗ್ರೀಸ್. ರಾತ್ರಿ ತಂಗಿದಲ್ಲಿ ಬದಲಾಯಿಸಿ, ಕೊಳೆಯಾದದ್ದನ್ನು ಅದೇ ಚೀಲಕ್ಕೆ ತುಂಬಿ. ಗಾಳಿಯಲ್ಲಿ ಧೂಳು ಹಾರುತ್ತಿರುವಾಗ ಬಿಚ್ಚಲು ಹೋಗಬೇಡಿ.

ಗುಂಪಿನಲ್ಲಿ ಹೋಗುವಾಗ ಮುಂದಿನವರಿಂದ ಧೂಳು ಇಳಿಯುವಷ್ಟು ದೂರ ಇರಿ. ಅಡ್ಡಗಾಳಿ ಇದ್ದರೆ ಗಾಳಿ ಬರುವ ಕಡೆಯ ಬದಿ ಹಿಡಿಯಿರಿ. ಎಷ್ಟು ದುಡ್ಡು ಕೊಟ್ಟ ಫಿಲ್ಟರಿಗಿಂತಲೂ ಇದರಿಂದ ಲಾಭ ಜಾಸ್ತಿ, ಕಣ್ಣಿಗೂ ಹಿತ.

ಮೇಲೆ ತೆಳು ಸ್ಪಾಂಜಿನ ಪ್ರಿ-ಫಿಲ್ಟರ್ ಹಾಕಿದರೆ ಒಳಗಿನದನ್ನು ಮರೆತುಬಿಡಬಹುದಾ?

ಮರೆಯುವಂತಿಲ್ಲ, ಆದರೆ ಒಳಗಿನದರ ಆಯುಸ್ಸು ಬೆಳೆಯುತ್ತದೆ. ಏರ್‌ಬಾಕ್ಸಿನ ಗಾಳಿ ಬಾಯಿಗೇ ಕೂರಿಸುವಂಥದು ಸಿಕ್ಕರೆ ಇನ್ನೂ ಒಳ್ಳೆಯದು, ಒಳಗೆ ಕೈ ಹಾಕದೆ ಬದಲಾಯಿಸಬಹುದು. ಪೇಪರ್ ಫಿಲ್ಟರಿನ ಮೇಲೆ ಎಣ್ಣೆ ಹಚ್ಚಿದ ಪ್ರಿ-ಫಿಲ್ಟರ್ ಇಡುವವರು ಎಚ್ಚರ. ಎಣ್ಣೆ ಪೇಪರಿಗೆ ಇಳಿದರೆ ಅದರ ಕತೆ ಮುಗಿಯಿತು.

ಹೊಳೆ ದಾಟುವಾಗ ಏರ್‌ಬಾಕ್ಸಿಗೆ ನೀರು ನುಗ್ಗಿತು. ಸ್ಟಾರ್ಟ್ ಬಟನ್ ಒತ್ತಲಾ?

ಒತ್ತಬೇಡಿ. ನೀರು ಸಿಲಿಂಡರಿಗೆ ಹೋಗಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ರಾಡ್ ಬಗ್ಗುತ್ತದೆ. ಬೈಕನ್ನು ದಡಕ್ಕೆ ತನ್ನಿ. ಫಿಲ್ಟರ್ ತೆಗೆದು ಏರ್‌ಬಾಕ್ಸಿನ ನೀರು ಖಾಲಿ ಮಾಡಿ, ಒಳಗೆಲ್ಲ ಒರೆಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಮುಖ ಒಡ್ಡದೆ ಇಂಜಿನ್ ತಿರುಗಿಸಿ ನೀರು ಹೊರಹಾಕಿ. ಆಯಿಲ್ ನೋಡುವ ಕಿಂಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಫೋಮ್ ಆದರೆ ಅದುಮಿ ನೀರು ತೆಗೆದು, ಆದಷ್ಟು ಒಣಗಿಸಿ, ಎಣ್ಣೆ ಹಚ್ಚಿ ಮುಂದುವರಿಯಬಹುದು. ನೆನೆದ ಪೇಪರ್ ಹರಿದು ಇಂಜಿನ್ನಿಗೇ ಹೋಗಬಹುದು, ಹಾಗೇ ಹಾಕಿ ಓಡಿಸುವಂತಿಲ್ಲ.

## ಇನ್ನೂ ಆಳಕ್ಕೆ

ಹತ್ತಿ ಫಿಲ್ಟರ್ ಹಾಕಿದರೆ ಪವರ್ ಜಾಸ್ತಿ ಆಗುತ್ತಂತೆ?

ಸದ್ದು ಜಾಸ್ತಿ ಆಗುತ್ತದೆ. ಅದನ್ನೇ ಪವರ್ ಅಂದುಕೊಳ್ಳುವುದು ಸುಲಭ. ಶುಚಿಯಾದ ಪೇಪರ್ ಫಿಲ್ಟರ್ ಗಾಳಿಗೆ ಒಡ್ಡುವ ತಡೆ ಕಮ್ಮಿಯೇ. ಅದನ್ನು ಇನ್ನಷ್ಟು ಕಮ್ಮಿ ಮಾಡಿದರೆ ಸಿಗುವುದು ಪೂರ್ತಿ ಥ್ರಾಟಲಿನಲ್ಲಿ, ಜಾಸ್ತಿ ಆರ್‌ಪಿಎಂನಲ್ಲಿ ಚೂರುಪಾರು. ಕಲ್ಲಿನ ದಾರಿಯಲ್ಲಿ ನೀವು ಆ ಜಾಗದಲ್ಲಿ ಇರುವುದೇ ಇಲ್ಲ.

ಕಾರ್ಬ್ಯುರೇಟರ್ ಬೈಕಿನಲ್ಲಿ ಗಾಳಿ ಸಲೀಸಾಗಿ ಹೋದರೆ ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿಯಾಗುತ್ತದೆ. ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಬದಲಿಸಬೇಕಾಗಬಹುದು. ಫ್ಯೂಯಲ್ ಇಂಜೆಕ್ಷನ್ ಬೈಕು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಸಣ್ಣಪುಟ್ಟ ವ್ಯತ್ಯಾಸವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಪೂರ್ತಿ ಥ್ರಾಟಲಿನಲ್ಲಿ ಅದು ಮೊದಲೇ ಬರೆದಿಟ್ಟ ಲೆಕ್ಕವನ್ನೇ ನೆಚ್ಚುತ್ತದೆ. ಏರ್‌ಬಾಕ್ಸನ್ನೇ ಕಿತ್ತು ಇಂಜಿನ್ ಬಾಯಿಗೇ ಸಿಕ್ಕಿಸುವ ಬರೀ ಪಾಡ್ ಫಿಲ್ಟರ್ ಹಾಕುವುದು ಅಡ್ವೆಂಚರ್ ಬೈಕಿಗೆ ಹೇಳಿದ್ದಲ್ಲ. ಕೆಸರು, ನೀರು ನೇರ ಅದರ ಮೇಲೆಯೇ.

ಎಣ್ಣೆ ಹಚ್ಚಿದ ಫಿಲ್ಟರಿನಿಂದ ಸೆನ್ಸರ್ ಹಾಳಾಗುತ್ತೆ ಅಂತ ಹೆದರಿಸಿದ್ದಾರೆ.

ಈ ಭಯ ಕಾರಿನಿಂದ ಬಂದದ್ದು. ಎಷ್ಟೋ ಕಾರುಗಳಲ್ಲಿ ಗಾಳಿಯ ತೂಕ ಅಳೆಯುವ ಬಿಸಿ ತಂತಿಯ ಸೆನ್ಸರ್ ಫಿಲ್ಟರಿನ ಹಿಂದೆಯೇ ಇರುತ್ತದೆ, ಅದರ ಮೇಲೆ ಎಣ್ಣೆ ಕೂತರೆ ಅಳತೆ ತಪ್ಪುತ್ತದೆ. ಬಹುಪಾಲು ಬೈಕುಗಳಲ್ಲಿ ಆ ಸೆನ್ಸರ್ ಇಲ್ಲ. ಗಾಳಿಯ ಒತ್ತಡ, ಉಷ್ಣತೆ, ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದನ್ನು ನೋಡಿ ಲೆಕ್ಕ ಹಾಕುತ್ತವೆ. ಆದರೂ ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿದರೆ ಇಂಜಿನ್ನಿಗೆ ಗಾಳಿ ಬಿಡುವ ಕವಾಟವಿರುವ ಥ್ರಾಟಲ್ ಬಾಡಿ ಜಿಡ್ಡಾಗುವುದು ಖಂಡಿತ.

ಒಂದು 98 ಪರ್ಸೆಂಟ್ ಧೂಳು ಹಿಡಿಯುತ್ತೆ, ಇನ್ನೊಂದು 99.5. ಒಂದೂವರೆ ಪರ್ಸೆಂಟಿಗೆ ಏನ್ ಮಹಾ?

ಹಿಡಿದದ್ದನ್ನು ಬಿಟ್ಟು ದಾಟಿ ಹೋದದ್ದನ್ನು ನೋಡಿ. 100 ಗ್ರಾಂ ಧೂಳಿನಲ್ಲಿ ಮೊದಲನೆಯದು 2 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು ಅರ್ಧ ಗ್ರಾಂ. ನಾಲ್ಕು ಪಟ್ಟು! ಇಂಜಿನ್ನಿಗೆ ಮುಖ್ಯ ಇದೇ.

ಫಿಲ್ಟರ್ ಅಳೆಯಲು ಐಎಸ್‌ಒ 5011 ಅನ್ನುವ ಪರೀಕ್ಷೆ ಇದೆ. ಧೂಳು ಎಷ್ಟು ಹಿಡಿಯಿತು, ಕಟ್ಟಿಕೊಳ್ಳುವ ಮುಂಚೆ ಎಷ್ಟು ತುಂಬಿಕೊಂಡಿತು, ಗಾಳಿಗೆ ಎಷ್ಟು ತಡೆ ಅನ್ನುವುದನ್ನು ಅದು ನೋಡುತ್ತದೆ. ಪ್ಯಾಕೆಟ್ ಮೇಲೆ ಪರ್ಸೆಂಟ್ ಬರೆದು ಯಾವ ಪರೀಕ್ಷೆ, ಎಂಥ ಧೂಳು ಅಂತ ಹೇಳದಿದ್ದರೆ ಆ ಅಂಕಿಗೆ ಬೆಲೆ ಕಮ್ಮಿ. ದಪ್ಪ ಧೂಳಿನಲ್ಲಿ ಎಲ್ಲರೂ ಜಾಣರೇ. ಇನ್ನೊಂದು ಮಾತು, ಪರೀಕ್ಷೆಯಲ್ಲಿ ಅಂಚು ಸರಿಯಾಗಿ ಕೂತಿರುತ್ತದೆ. ನಿಮ್ಮ ಬೈಕಿನಲ್ಲಿ ಕೂತಿದೆಯಾ?

ಫಿಲ್ಟರ್ ಕಪ್ಪು ಎಣ್ಣೆಯಲ್ಲಿ ನೆಂದಿದೆ. ನಾನು ಅಷ್ಟು ಎಣ್ಣೆ ಹಾಕೇ ಇಲ್ಲ.

ಅದು ಇಂಜಿನ್ನಿನದು. ಇಂಜಿನ್ನಿನಲ್ಲಿ ಆಯಿಲ್ ಇರುವ ಕೆಳಭಾಗ ಅಂದರೆ ಕ್ರ್ಯಾಂಕ್‌ಕೇಸಿನ ಉಸಿರು ಹೊರಬಿಡುವ ಕೊಳವೆ ಏರ್‌ಬಾಕ್ಸಿಗೇ ಬಂದು ಸೇರುತ್ತದೆ. ಆಯಿಲ್ ಮಟ್ಟಕ್ಕಿಂತ ಜಾಸ್ತಿ ತುಂಬಿದ್ದರೆ ಅಥವಾ ಬೈಕ್ ಬಿದ್ದು ಸ್ವಲ್ಪ ಹೊತ್ತು ಮಲಗಿದ್ದರೆ ಆ ದಾರಿಯಲ್ಲಿ ಎಣ್ಣೆ ಬರುತ್ತದೆ. ಮೊದಲು ಆಯಿಲ್ ಮಟ್ಟ ನೋಡಿ. ಏರ್‌ಬಾಕ್ಸಿನ ತಳದಲ್ಲಿ ಬಿರಡೆ ಹಾಕಿದ ಕೊಳವೆ ಇದ್ದರೆ ಅದನ್ನು ಖಾಲಿ ಮಾಡಿ ಬಿರಡೆ ವಾಪಸ್ ಹಾಕಿ. ಬೀಳದೆಯೂ, ಮಟ್ಟ ಸರಿ ಇದ್ದೂ ಮತ್ತೆ ಮತ್ತೆ ಬಂದರೆ ರಿಂಗ್ ಸವೆದಿರಬಹುದು.

ಧೂಳು ಒಳಗೆ ಹೋಗಿಯೇ ಬಿಟ್ಟಿದೆ. ಇಂಜಿನ್ ಕತೆ ಮುಗೀತಾ?

ಎಷ್ಟು ಹೋಗಿದೆ ಅನ್ನುವುದರ ಮೇಲೆ. ಮೊದಲು ಸಂದು ಮುಚ್ಚಿ. ಥ್ರಾಟಲ್ ಬಾಡಿಯವರೆಗೆ ಒರೆಸಿ, ಒಳಗೆ ತಳ್ಳದೆ. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬದಲಿಸಿದರೆ ನಷ್ಟವಿಲ್ಲ.

ಹಾನಿ ತಿಳಿಯಲು, ಸಿಲಿಂಡರ್ ಒತ್ತಡ ಹಿಡಿದಿಡುತ್ತದೆಯಾ ಅಂತ ನೋಡುವ ಕಂಪ್ರೆಶನ್ ಅಥವಾ ಲೀಕ್-ಡೌನ್ ಟೆಸ್ಟ್ ಮಾಡಿಸಿ. ಆಯಿಲ್ ಕುಡಿಯುವುದು, ಸ್ಟಾರ್ಟ್ ಆಗಲು ತಕರಾರು, ವಾಲ್ವ್ ಗ್ಯಾಪ್ ಬೇಗ ಬೇಗ ಕಮ್ಮಿಯಾಗುವುದು ಇವೆಲ್ಲ ಸುಳಿವು. ಬಳಸಿದ ಆಯಿಲನ್ನು ಲ್ಯಾಬಿಗೆ ಕಳಿಸಿದರೆ ಅದರಲ್ಲಿ ಸಿಲಿಕಾನ್ ಎಷ್ಟಿದೆ ಅಂತ ಹೇಳುತ್ತಾರೆ. ಧೂಳಿನಿಂದ ಅದು ಏರುತ್ತದೆ. ಇತ್ತೀಚೆಗೆ ಇಂಜಿನ್ ಬಿಚ್ಚಿ ಸಿಲಿಕೋನ್ ಪೇಸ್ಟ್ ಹಾಕಿ ಮುಚ್ಚಿದ್ದರೂ ಏರುತ್ತದೆ, ಅದನ್ನು ನೆನಪಿಡಿ. ಅಲ್ಯೂಮಿನಿಯಂ, ಕಬ್ಬಿಣ ಕೂಡ ಜೊತೆಗೇ ಏರಿದ್ದರೆ ಸವೆತ ನಡೆದಿದೆ.

ಒಂದೇ ಫೋಮನ್ನು ಎಷ್ಟು ವರ್ಷ ತೊಳೆದು ಬಳಸಬಹುದು?

ವರ್ಷದ ಲೆಕ್ಕ ಇಲ್ಲ. ಬಳಸದೆ ಡಬ್ಬಿಯಲ್ಲಿಟ್ಟ ಫೋಮ್ ಕೂಡ ತೇವಕ್ಕೆ, ಬಿಸಿಗೆ ಹಳತಾಗುತ್ತದೆ. ಪ್ರತಿ ಸಲ ತೊಳೆದು ಒಣಗಿಸಿದ ಮೇಲೆ, ಎಣ್ಣೆ ಹಚ್ಚುವ ಮುಂಚೆ, ಬೆಳಕಿಗೆ ಹಿಡಿದು ನೋಡಿ. ಜೋಡಿಸಿದ ಗೆರೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಅಂಚಿನ ಒಂದು ಮೂಲೆಯನ್ನು ಚಿವುಟಿ ಬಿಡಿ. ಬೆರಳಿಗೆ ಪುಡಿ ಅಂಟಿದರೆ, ಗೆರೆ ಬಾಯಿ ಬಿಟ್ಟರೆ, ಚಿವುಟಿದ ಜಾಗ ಹಾಗೇ ಕುಗ್ಗಿ ನಿಂತರೆ ಅದನ್ನು ಚೈನ್ ಒರೆಸಲು ಇಟ್ಟುಕೊಳ್ಳಿ.